ಪಂಚ್ ಲಿಸ್ಟ್

ಜುಬೈಲಿನಲ್ಲಿ ಷಟ್‌ಡೌನಿನ ಹತ್ತೊಂಬತ್ತನೇ ರಾತ್ರಿ.
ಕ್ರೇನು ಕೆಟ್ಟು ನಿಂತಿದೆ. ಗಾಳಿ ಒದ್ದೆ ಗೋಣಿಯ ಹಾಗೆ ಮೈಗಂಟಿದೆ.
ಪೋರ್ಟಾ ಕ್ಯಾಬಿನ್ನಿನಲ್ಲಿ ಮೂವರು:
ಭದ್ರಾವತಿಯ ಕಬ್ಬಿಣದ ಹೊಗೆ ಕುಡಿದು ಬೆಳೆದ ನಾನು, ವೆಲ್ಡಿಂಗ್ ಇನ್‌ಸ್ಪೆಕ್ಟರ್;
ರಿಗ್ಗರ್ ಮೊಯ್ದಿನಬ್ಬ, ಉಳ್ಳಾಲದವನು;
ಕ್ಲೈಂಟಿನ ಕಡೆಯ ಡ್ವೇನ್, ಲೂಸಿಯಾನದವನು,
ಅರವತ್ತಾರು ವರ್ಷ, ಎರಡೂ ಮೊಣಕಾಲಿಗೆ ಸ್ಟೀಲು.

ಸುಮ್ಮನೆ ಕೂತರೆ ನಿದ್ದೆ ಎಳೆಯುತ್ತದೆಂದು ಕೇಳಿದೆ:
"ನಿಮ್ಮ ಅಧ್ಯಕ್ಷರಲ್ಲಿ ಕೆಲಸ ಮುಗಿಸಿದವರು ಯಾರು?
ಯುದ್ಧದ ಮಾತು ಬೇಡ, ಅದು ಈ ಕಡಲಿಗೆ ಗೊತ್ತು.
ಮನೆಯೊಳಗಿನದು ಹೇಳು."
ಡ್ವೇನ್ ನಕ್ಕ. ಫಾರಂ ತೆಗೆ, ಅಂದ.

ತೆಗೆದೆ. ನಮ್ಮದೇ ಪಂಚ್ ಲಿಸ್ಟ್, ಹಳದಿ ಹಾಳೆ.
ಎ ಅಂದರೆ, ಇದು ಮುಗಿಯದೆ ಎಣ್ಣೆ ಹರಿಯುವಂತಿಲ್ಲ.
ಬಿ ಅಂದರೆ, ಹರಿದ ಮೇಲೂ ಮಾಡಿಕೊಂಡರಾಯಿತು.
ಹೆಸರು ಬರೆಯಬೇಡ, ಅಂದ. ಕೆಲಸ ಬರೆ.

ಒಂದು: ಯಾವ ಮಗುವೂ ಹಿಂದೆ ಬೀಳಬಾರದು.
ಅವನ ತಂಗಿ ಮೂರನೇ ಕ್ಲಾಸಿನ ಟೀಚರು.
ಕಾನೂನು ಬಂತು. ಪರೀಕ್ಷೆ ಬಂತು, ಮತ್ತೂ ಪರೀಕ್ಷೆ ಬಂತು.
ಗೇಜು ಹಚ್ಚಿದಷ್ಟಕ್ಕೇ ಪೈಪು ದಪ್ಪವಾಗುತ್ತದೆಯೆ?

ಎರಡು: ಎಲ್ಲರಿಗೂ ಆಸ್ಪತ್ರೆಯ ವಿಮೆ.
ಮೊದಲ ದಿನವೇ ವೆಬ್‌ಸೈಟು ಮಕಾಡೆ ಮಲಗಿತು,
ಹೈಡ್ರೋಟೆಸ್ಟಿನಲ್ಲಿ ಗ್ಯಾಸ್ಕೆಟ್ ಹಾರಿದ ಹಾಗೆ.
ಅವನ ರಾಜ್ಯದ ಬಡವರಿಗೆ ತಲುಪುವಷ್ಟರಲ್ಲಿ ಆರು ವರ್ಷ.
ಆದರೂ ಅವನ ತಮ್ಮ, ಸಿಗಡಿ ದೋಣಿಯವನು,
ಅದೇ ಕಾರ್ಡಿನಲ್ಲಿ ಎದೆ ಬಿಚ್ಚಿಸಿಕೊಂಡು ಬದುಕಿದ.
"ಓಟು ಮಾತ್ರ ಅವರಿಗೆ ಹಾಕಲಿಲ್ಲ, ಒಂದು ಸಲವೂ."
ನಾನು ಬರೆದೆ: ಸೋರಿಕೆ ಇದೆ. ಒತ್ತಡ ಹಿಡಿದಿದೆ.

ಮೂರು: ಗೋಡೆ.
ಡ್ರಾಯಿಂಗಿನಲ್ಲಿ ಉದ್ದಕ್ಕೂ. ನೆಲದ ಮೇಲೆ ತುಂಡು ತುಂಡು.
ಹಳೆ ಬೇಲಿ ಕಿತ್ತು ನಿಲ್ಲಿಸಿದ್ದನ್ನೂ ಹೊಸದೆಂದೇ ಅಳೆದರು.
"ರಿಪೇರಿಯನ್ನು ಹೊಸ ಕೆಲಸದ ಲೆಕ್ಕಕ್ಕೆ ಬರೆದರೆ
ನಮ್ಮಲ್ಲಿ ಬಿಲ್ಲು ವಾಪಸ್ಸು" ಅಂದೆ.
ಪಕ್ಕದ ಮನೆಯವನು ದುಡ್ಡು ಕೊಡುತ್ತಾನೆ ಅಂದಿದ್ದರಲ್ಲ?
ಡ್ವೇನ್ ಚಹಾದ ಕಪ್ಪಿನೊಳಗೆ ನೋಡಿದ.
"ತೆರಿಗೆ ಇಳಿಸುತ್ತೇನೆ ಅಂದರು, ಇಳಿಸಿದರು. ಅದನ್ನೂ ಬರೆ.
ನನಗೊಂದು ಸೋಫಾ ಬಂತು. ಕಂಪನಿಗೆ ಎಷ್ಟು ಬಂತೋ."

ನಾಲ್ಕು: ಸೇತುವೆ, ರಸ್ತೆ, ಸೀಸದ ಹಳೆ ನೀರುಕೊಳವೆ.
ಹಣ ಮಂಜೂರು. ಅವನೂರಿನ ಸೇತುವೆಗೆ ಕಂಬದ ಗುಂಡಿ ತೋಡಿದ್ದಾರೆ;
ರಿಬ್ಬನ್ ಕಟ್ಟುವ ಹೊತ್ತಿಗೆ ಕತ್ತರಿ ಯಾರ ಕೈಲೋ.
ಮಗಳ ಕಾಲೇಜು ಸಾಲ ಮನ್ನಾ ಅಂದರು, ಕೋರ್ಟು ಬೇಡವೆಂದಿತು.
ಅಷ್ಟರಲ್ಲಿ ಮೊಟ್ಟೆಯ ಬೆಲೆ.
ಸೇತುವೆ ಕಾಣುವುದಕ್ಕೆ ಹತ್ತು ವರ್ಷ ಬೇಕು,
ಮೊಟ್ಟೆ ಕಾಣುವುದಕ್ಕೆ ಒಂದು ಬೆಳಗು.

ಈಗ ಅಂಕ ಕೊಡು, ಅಂದ.
ನನ್ನ ಪೆನ್ನು ನಿಂತಿತು.
ಪ್ರತಿ ಬೆಸುಗೆಯ ಪಕ್ಕ ಬೆಸೆದವನ ನಂಬರ್ ಇರುತ್ತದೆ;
ನೈಟ್ ಶಿಫ್ಟಿನವನ ಕೆಲಸಕ್ಕೆ ಡೇ ಶಿಫ್ಟಿನವನ ನಂಬರ್ ಬಿದ್ದದ್ದನ್ನು
ನಾನೇ ಎಷ್ಟು ಸಲ ಹಿಡಿದಿಲ್ಲ.
ಮೀನಿನ ಹುರುಪೆಯ ಹಾಗೆ ಹೊಳೆಯುವ ಕೀಲು
ಎಕ್ಸ್‌ರೇ ಫಿಲ್ಮಿನಲ್ಲಿ ಕಪ್ಪು ಚುಕ್ಕೆ. ಒರಟು ಕಂಡದ್ದು ಇಪ್ಪತ್ತು ವರ್ಷ ಬಾಳಿದೆ.
ನಾಲ್ಕು ವರ್ಷಕ್ಕೆ ಫಿಲ್ಮು ತೊಳೆದೇ ಮುಗಿಯುವುದಿಲ್ಲ.

ಮೊಯ್ದಿನಬ್ಬ ಅಷ್ಟು ಹೊತ್ತೂ ಬೂಟಿನ ಮರಳು ಕೊಡವುತ್ತಿದ್ದ.
"ಇನ್ನೊಂದು ಹಾಳೆ ಉಂಟಾ?" ಅಂದ.
ಬರೆಸಿದ: ಕ್ಯಾಂಪು, ಏಳನೇ ಬ್ಲಾಕು.
ಕೂಲರಿನ ನೀರು, ಮೂರು ಮ್ಯಾನೇಜರುಗಳಿಂದ ಬರೀ ಮಾತು.
ಹತ್ತನೇ ತಾರೀಕಿಗೆ ಸಂಬಳ, ಮಾತು.
ಕಿಟಕಿಗೆ ಗಾಜು; ಅಳತೆ ತೆಗೆದುಕೊಂಡು ಹೋದವ ಬಂದಿಲ್ಲ.
ಓಟಿಗೆ ಊರಿಗೇ ಹೋಗಬೇಕು, ರಜೆ ಇಲ್ಲ, ಎರಡು ಎಲೆಕ್ಷನ್ ಆಯಿತು.
ಸಹಿಯ ಕಾಲಮ್ಮಿನಲ್ಲಿ ಯಾರು, ಕೇಳಿದೆ.
"ಅದು ಬಿಡಿ. ನಮ್ಮದು ಎಯಾ, ಬಿಯಾ?"

ಡ್ವೇನನಿಗೆ ಕನ್ನಡ ಬಾರದು; ಆ ಎರಡಕ್ಷರ ಬಂತು.
ಹೆಲ್ಮೆಟ್ಟು ತೆಗೆದು ಮೇಜಿನ ಮೇಲಿಟ್ಟ.
ಕಿಟಕಿಯಾಚೆ ಪಕ್ಕದ ಘಟಕದ ಬೆಂಕಿಕೊಳವೆ
ಎಂದಿನಂತೆ ಉರಿಯುತ್ತಿತ್ತು. ಎಣ್ಣೆ ಹರಿಯುತ್ತಲೇ ಇತ್ತು.

ಬಿ, ಎಂದು ಬರೆದೆ.
ಕ್ರೇನು ಸರಿಯಾಯಿತೆಂದು ವಾಕಿಟಾಕಿ ಕೂಗಿತು.